ಗರಗದ ದ್ಯಾಮಣ್ಣನ ಹೆಣದ ಪಾರ್ಟು

ದ್ಯಾಮಣ್ಣಗ ಈ ಜಗತ್ತಿನ್ಯಾಗ ಒಂದ ಕೆಲಸ ಭೇಷ್ ಬರತಿತ್ತು, ಸಾಯೂದು. ನಗಬ್ಯಾಡ್ರಿ, ಖರೇನ ಹೇಳಾಕತ್ತೇನಿ. ಗರಗದಾಗ ಬಯಲಾಟ ಅಂದ್ರ ಯುದ್ಧದಾಗ ಸಾಯೋ ವೀರನ ಪಾರ್ಟು ಅವಗ ಕಟ್ಟಿಟ್ಟದ್ದು. ಮಾತಿಲ್ಲ, ಹಾಡಿಲ್ಲ. ಬಾಣ ಬಡೀತು ಅಂದ ಕೂಡಲೇ ಧೊಪ್ಪಂತ ಬೀಳಾಂವ. ಆಮ್ಯಾಲ ಹಾಡೋರು ಎಷ್ಟು ಹೊತ್ತ ಹಾಡಿದ್ರೂ ಎದಿ ಏರತಿರ್ಲಿಲ್ಲ, ರೆಪ್ಪಿ ಬಡೀತಿರ್ಲಿಲ್ಲ, ಮೂಗಿನ ಮ್ಯಾಲ ನೊಣ ಕುಂತ್ರೂ ಹಂಗ ಬಿದ್ದಿರಾಂವ. "ಯವ್ವಾ, ಖರೇನ ಹೋದ್ನೋ ಏನ" ಅಂತ ಹೆಣ್ಮಕ್ಕಳು ಗಾಬರಿ ಆಗ್ತಿದ್ರು. ಊರ ಮಂದಿ ಅವಗ ಹೆಣದ ದ್ಯಾಮಣ್ಣ ಅಂತಿದ್ರು, ಆ ಹೆಸರು ಕೇಳಿದ್ರ ಅಂವ ಮೀಸಿ ತಿರುವ್ತಿದ್ದ. ದಿನಾ ಮಗ್ಗದ ಮುಂದ ಕುಂತು ಖಾದಿ ನೇಯಾಂವ, ಅವಗ ಬ್ಯಾರೆ ಯಾರು ಚಪ್ಪಾಳಿ ಹೊಡೀಬೇಕು ಹೇಳ್ರಿ.

ನಾ ಬಾಬುಸಾಬ, ಧಾರವಾಡ ಟೇಶನ್ ಮುಂದ ಟಾಂಗಾ ಹೊಡಿಯಾಂವ. ಗರಗದ ಖಾದಿ ಗಂಟು ನನ್ನ ಗಾಡಿ ಮ್ಯಾಲ ಧಾರವಾಡಕ್ಕ ಬರತಿದ್ವು, ಗಂಟಿನ ಸಂಗಡ ದ್ಯಾಮಣ್ಣನೂ ಬರತಿದ್ದ. ಹಂಗ ನಮ್ಮ ದೋಸ್ತಿ. ಹೆಂಡತಿ ಬಾಳವ್ವ, ಒಬ್ಬಾಕಿ ಮಗಳು ದಾನವ್ವ, ಅಣ್ಣ ಮಡಿವಾಳಪ್ಪ, ಅಣ್ಣನ ಹೆಂಡತಿ ಗೌರಕ್ಕ, ಇಷ್ಟ ಅವನ ಮನಿ. ಹೊಲ-ಮನಿ ಪಾಲಾಗಿರ್ಲಿಲ್ಲ, ಹೊಲ ನೋಡಾಂವ ಮಡಿವಾಳಪ್ಪ. "ಬೆವರು ನಂದು, ಚಪ್ಪಾಳಿ ಇವಂದು" ಅಂತ ತಮ್ಮನ ಮ್ಯಾಲ ಅವಗ ಮೊದಲಿಂದನೂ ಹೊಟ್ಯಾಗ ಕಿಚ್ಚು. ಆ ವರ್ಷ ದಾನವ್ವನ್ನ ಉಪ್ಪಿನಬೆಟಗೇರಿ ಮನಿತನಕ್ಕ ಗೊತ್ತು ಮಾಡಿದ್ರು. ದ್ಯಾಮಣ್ಣಗ ಯಾರ ಸಿಕ್ರೂ ಅದ ಮಾತು. "ನನ್ನ ಕೈಯಾರೆ ಮಗಳ ಕೈ ಅಳಿಯನ ಕೈಯಾಗ ಇಡಬೇಕು ಬಾಬುಸಾಬ. ಅದೊಂದ ಆದ್ರ ಸಾಕು, ಮತ್ತೇನೂ ಕೇಳಂಗಿಲ್ಲ ನಾ" ಅಂತಿದ್ದ.

ಅದು ಮೂವತ್ತೇಳನೇ ಇಸವಿ. ಸುಗ್ಗಿ ಮುಗದ ಮ್ಯಾಲ ಮುಂಬೈಯಿಂದ ಸಿನಿಮಾ ತಗಿಯೋ ಮಂದಿ ಬಂದಿಳದ್ರು. ನಾಕು ಮಂದಿ, ನಾಕು ದೇಶ, ಒಬ್ಬರಿಗೂ ಮೂವತ್ತು ದಾಟಿರ್ಲಿಲ್ಲ. ಮುಖ್ಯಸ್ಥ ರುಸ್ತುಮ್, ಮುಂಬೈ ಪಾರ್ಸಿ, ವಿಲಾಯತಿಯೊಳಗ ಕಲತು ಬಂದಾಂವ. ಕ್ಯಾಮೆರಾದಾಂವ ಕುರ್ಟ್, ಜರ್ಮನಿಯವ. ಧ್ವನಿ ಹಿಡಿಯೋ ಯಂತ್ರದಾಂವ ಮಾಂಗ್ ತಿನ್, ರಂಗೂನಿನವ. ಹಿಡದ ಫಿಲ್ಮು ಕತ್ತರಿಸಿ ಅಂಟಸಾಕಿ ನೀನಾ, ಹುಟ್ಟಿದ್ದು ರಷ್ಯಾದಾಗ, ಬೆಳದದ್ದು ಚೀನಾದ ಶಾಂಘೈದಾಗ. ಒಬ್ಬರ ಮಾತು ಒಬ್ಬರಿಗೆ ಅರ್ಧ ತಿಳೀತಿತ್ತು, ಉಳದ ಅರ್ಧಕ್ಕ ಇಂಗ್ಲಿಷಿನ್ಯಾಗ ಜಗಳಾಡ್ತಿದ್ರು. ರುಸ್ತುಮಗ, ಮಾಂಗ್ ತಿನ್ನಗ ಹಿಂದೂಸ್ತಾನಿ ಬರತಿತ್ತು, ನನಗೂ ಬರತೈತಿ. ಹಿಂಗಾಗಿ ಪೆಟ್ಟಿಗಿ ಹೊರಾಕ ನನ್ನ ಟಾಂಗಾ ಹಿಡದ್ರು, ಊರ ಮಂದಿ ಸಂಗಡ ಮಾತಾಡಾಕ ನನ್ನ ನಾಲಿಗಿ ಪುಗಸಟ್ಟೆ ಸಿಕ್ತು.

ಒಂದಿನ ಗರಗದ ದಾರ್ಯಾಗ ರುಸ್ತುಮ್ ಕೇಳಿದ, "ಬಾಬು, ಊರಾಗ ಸುಡಗಾಡ ಎಲ್ಲೈತಿ? ನಮ್ಮ ಕಥಿಯೊಳಗ ನೇಕಾರನ ಅಪ್ಪ ಸಾಯ್ತಾನ. ಚಿತಿ ಉರಿಯೂದು ತೋರಸಬೇಕು."

"ಸಾಹೇಬ್, ಗರಗದ ಲಿಂಗಾಯತ ಮಂದಿ ಸುಡಂಗಿಲ್ರಿ," ಅಂದೆ. "ಮೈ ತೊಳದು, ವಿಭೂತಿ ಹಚ್ಚಿ, ಬದುಕಿದ್ದಾಂವನಂಗ ಕುಂಡ್ರಸ್ತಾರ. ಬಾಳಿಕಂಬ, ಹೂವು ಕಟ್ಟಿ ವಿಮಾನ ಮಾಡಿ, ಅದರಾಗ ಕುಂಡ್ರಿಸಿ ಊರ ತುಂಬ ಒಯ್ತಾರ. ಕುಣಿಯಾಗೂ ಕುಂಡ್ರಿಸೇ ಮಣ್ಣು ಕೊಡತಾರ."

ರುಸ್ತುಮ್ ಅದನ್ನ ಉಳದೋರಿಗೆ ಇಂಗ್ಲಿಷಿನ್ಯಾಗ ಹೇಳಿದ. ಆಮ್ಯಾಲ ಒಬ್ಬೊಬ್ಬರ ಬಾಯಿ ಬಿಟ್ರು. ರುಸ್ತುಮನ ಅಜ್ಜನ್ನ ಗೋಪುರದ ಮ್ಯಾಲ ರಣಹದ್ದಿಗೆ ಇಟ್ಟಿದ್ರಂತ. ಮಾಂಗ್ ತಿನ್ನನ ಕಡೆ ಸತ್ತ ಮನ್ಯಾಗ ಮಂದಿ ಇಸ್ಪೀಟ್ ಆಡಕೋತ ಕುಂಡ್ರತಾರಂತ, ಮನಿಯೋರಿಗೆ ಒಂಟಿ ಅನಸಬಾರದು ಅಂತ. ನೀನಾ ಸಣ್ಣಾಕಿದ್ದಾಗ ದೇಶ ಬಿಟ್ಟು ಓಡಿ ಬರೂ ಮುಂದ ರೈಲಿನ್ಯಾಗ ಅಕಿ ಅಪ್ಪ ಸತ್ತನಂತ. ನೆಲ ಹೆಪ್ಪುಗಟ್ಟಿ ಕಲ್ಲಾಗಿತ್ತು, ಅಗಿಯಾಕ ಬರ್ಲಿಲ್ಲ, ಹಿಮದಾಗ ಹಂಗ ಬಿಟ್ಟು ಬಂದ್ರಂತ. ಕಡೀಕ ಕುರ್ಟ್ ಮಾತಾಡಿದ. ಅವನ ಅಪ್ಪ ಪಾದ್ರಿ, ಅವನ ಊರಾಗ ಸತ್ತೋರನ್ನೆಲ್ಲ ಹುಗಿಯಾಂವ ಅಂವನ. ಅವ್ವ ಯಹೂದಿ, ಅದಕ್ಕ ಮಗಗ ಆ ದೇಶದಾಗ ಅನ್ನ ಹುಟ್ಟದಂಗಾತು, ಬಿಟ್ಟು ಬಂದ. ಹೋದ ವರ್ಷ ಅಪ್ಪ ಸತ್ರ ಹೋಗಾಕ ಆಗಲಿಲ್ಲ. "ಮಗ ಒಂದು ಮುಟಿಗಿ ಮಣ್ಣು ಹಾಕಬೇಕು, ನಾ ಹಾಕಲಿಲ್ಲ" ಅಂದನಂತ, ರುಸ್ತುಮ್ ನನಗ ತಿಳಿಸಿ ಹೇಳಿದ. ನನಗ ಆ ಹುಡುಗನ್ನ ನೋಡಿ ಭಾಳ ಕೆಟ್ಟನಿಸ್ತು.

ಹೆಣ ಯಾರ ಆಗ್ತಾರ ಅಂತ ಊರಾಗ ಕೇಳಿದ್ದ ತಡ, ಕಟ್ಟಿ ಮ್ಯಾಲ ಕುಂತೋರೆಲ್ಲ ದ್ಯಾಮಣ್ಣನ ಮನಿ ಕಡೆ ಬಟ್ಟು ಮಾಡಿದ್ರು. ಕುರ್ಟ್ ಅವನ್ನ ಗ್ವಾಡಿಗೆ ಕುಂಡ್ರಿಸಿ, ಕ್ಯಾಮೆರಾದ ಗಾಜು ಮೂಗಿಗೆ ತಾಗೂವಂಗ ತಂದು ನೋಡಿದ. ದ್ಯಾಮಣ್ಣನ ಮುಖದಾಗ ಒಂದು ನರ ಅಳ್ಳಾಡ್ಲಿಲ್ಲ. ಕುರ್ಟ್ ಚಪ್ಪಾಳಿ ಹೊಡದ. ಅವತ್ತು ದ್ಯಾಮಣ್ಣ ನನ್ನ ಗಾಡಿ ತನಕ ಬಂದು, "ಬಾಬುಸಾಬ, ಜರ್ಮನಿಯಾಂವ ಚಪ್ಪಾಳಿ ಹೊಡದ ನೋಡಿದಿಲ್ಲೋ" ಅಂತ ಮೂರು ಸಲ ಕೇಳಿದ.

ಊರ ಅಯ್ಯನೋರು ಶಾಂತಯ್ಯ, ಹೆಣಕ್ಕ ಸಂಸ್ಕಾರ ಮಾಡೋರು, ಒಪ್ಪಬೇಕಿತ್ತು. ಒಪ್ಪಿದ್ರು, ಆದರ ಒಂದು ಮಾತು ಹಾಕಿದ್ರು. "ವಿಮಾನ ಕಟ್ರಿ, ಭಜನಿ ಮಾಡ್ರಿ, ಕುಣಿಯಾಗೂ ಕುಂಡ್ರಸ್ರಿ. ಮಣ್ಣು ಮಾತ್ರ ಬೀಳಬಾರದು. ಮಣ್ಣು ಬೀಳೂ ತನಕ ಆಟ. ಬಿತ್ತು ಅಂದ್ರ ಆಟ ಅಲ್ಲ, ಅಂವ ಸತ್ತಂಗ." ನಾ ಈ ಮಾತನ್ನ ಒಂದಕ್ಷರ ಬಿಡದಂಗ ರುಸ್ತುಮಗ ಹೇಳಿದೆ. ಅಂವ "ಹೂಂ ಹೂಂ" ಅಂದ, ಉಳದ ಮೂವರಿಗೆ ಹೇಳಲಿಲ್ಲ. ಅವಗ ಅವತ್ತು ಬಿಸಲಿನ ಚಿಂತಿ ಇತ್ತು. ದ್ಯಾಮಣ್ಣಗ ಮಾತ್ರ ನನ್ನ ಕೈಲೆ ಒಂದ ಮಾತು ಹೇಳಿಸಿದ, ತಾನು ಕೆಂಪು ದಸ್ತಿ, ಅಂದ್ರ ಕೈವಸ್ತ್ರ, ಎತ್ತಿ ತೋರಸೂ ತನಕ ಏನ ಆದ್ರೂ ಅಳ್ಳಾಡಬಾರದು ಅಂತ. ದ್ಯಾಮಣ್ಣ ನಕ್ಕ. ಅಳ್ಳಾಡಬ್ಯಾಡ ಅಂತ ಅವಗ ಹೇಳೂದು ಬ್ಯಾರೆ ಬೇಕೇನು.

ಅವರ ಹೊಲದ ಮೂಲ್ಯಾಗ ಕುಣಿ ತೋಡಿದ್ರು. ವಿಮಾನ ಊರ ಸುತ್ತಿ ಬಂತು, ಭಜನಿ ತಾಳ, ಹಿಂದ ಬಾಳವ್ವ ಎದಿ ಬಡಕೊಂಡು ಅಳೂದು. ಅಕಿಗೆ ಅಳು ಅಂತ ಹೇಳಿದ್ರು, ಅತ್ಲು. ಗಂಡನ್ನ ಹಂಗ ನೋಡಿ ಖರೇನ ಅತ್ಲು. ದ್ಯಾಮಣ್ಣನ್ನ ಕುಣಿಯಾಗ ಇಳಿಸಿ ಕುಂಡ್ರಿಸಿದ್ರು. ಯಂತ್ರ ಗಿರಗಿರ ತಿರಗಾಕ ಹತ್ತಿತು. ಕುರ್ಟ್ ಅದನ್ನ ತಿರಗಾಕ ಬಿಟ್ಟು ಕುಣಿ ದಂಡಿಗೆ ಬಂದ. ಬಗ್ಗಿ ಒಂದು ಮುಟಿಗಿ ಮಣ್ಣು ತಗೊಂಡ, ತನ್ನ ಭಾಷಾದಾಗ ಏನೋ ಅಂದ, ಹಾಕಿದ. ಅವನ್ನ ನೋಡಿ ನೀನಾನೂ ಬಂದು ಒಂದು ಮುಟಿಗಿ ಹಾಕಿದ್ಳು.

"ಸಾಹೇಬ್, ನಿಲ್ಲಸ್ರಿ," ಅಂದೆ ನಾ. ರುಸ್ತುಮ್ ತುಟಿ ಮ್ಯಾಲ ಬೆರಳಿಟ್ಟ. ಮಂದಿಯೆಲ್ಲ ಉಸಿರು ಹಿಡದು ನಿಂತಿದ್ದು ನೋಡಿ ಅವಗ ಹಬ್ಬ ಆಗಿತ್ತು. ದಸ್ತಿ ಅವನ ಕಿಸೆದಾಗ ಇತ್ತು.

ಅಷ್ಟಕ್ಕ ಮುಗದಿದ್ರ ಬ್ಯಾರೆ ಮಾತು. ಹೊರಗಿನ ಮಂದಿ ತಿಳೀಲಾರದ ಹಾಕ್ಯಾರ ಅಂತ ಅಯ್ಯನೋರು ಬಿಡತಿದ್ರು. ಮಡಿವಾಳಪ್ಪ ಮುಂದ ಬಂದ. ಸುತ್ತಲೂ ಒಮ್ಮೆ ನೋಡಿದ, ಅವಸರ ಮಾಡಲಿಲ್ಲ. ಎರಡೂ ಕೈಯಿಂದ ಮಣ್ಣು ಬಾಚಿ ತಮ್ಮನ ತಲಿ ಮ್ಯಾಲ ಹಾಕಿದ. ಅಣ್ಣ ಹಾಕಿದ ಮ್ಯಾಲ ಭಜನಿಯೋರೂ ಹಾಕಿದ್ರು, ಅವರಿಗೆ ಕೈ ರೂಢಿ. ದ್ಯಾಮಣ್ಣನ ಎದಿ ಮಟ ಮಣ್ಣು ಬಂತು. ಮುಖದ ಮ್ಯಾಲ ಮಣ್ಣು, ರೆಪ್ಪಿ ಬಡೀಲಿಲ್ಲ. ಎಡಗಣ್ಣಿನಿಂದ ಒಂದ ಹನಿ ನೀರು ಇಳದು ವಿಭೂತಿಯೊಳಗ ಗೆರಿ ಕೊರೀತು. ಅದನ್ನ ನಾ ಕಂಡೆ, ಕ್ಯಾಮೆರಾ ಕಂಡಿತು, ಉಳದೋರ ಕಣ್ಣೆಲ್ಲ ಮಡಿವಾಳಪ್ಪನ ಮ್ಯಾಲಿದ್ವು. ಆಮ್ಯಾಲ ಕೆಂಪು ದಸ್ತಿ ಮ್ಯಾಲೆ ಬಂತು. ದ್ಯಾಮಣ್ಣ ಮಣ್ಣು ಕೊಡವಿ ಎದ್ದು, ಬಾಯಾಗಿನ ಮಣ್ಣು ಉಗಳಿ, "ಹ್ಯಾಂಗಾತ್ರಿ? ನಾ ಅಳ್ಳಾಡಿಲ್ಲಲ್ಲ?" ಅಂದ. ಕುರ್ಟ್ ಅವನ್ನ ತಬ್ಬಿಕೊಂಡು ಅತ್ತ. ಊರ ಮಂದಿ ಅವನ ಮುಖಾ ನೋಡದ ಮನಿ ಹಾದಿ ಹಿಡದ್ರು.

ಮರುದಿನ ಮುಂಜಾನಿ ಗೌರಕ್ಕ ನಾಕು ಹೆಣ್ಮಕ್ಕಳನ್ನ ಕರಕೊಂಡು ಬಾಳವ್ವನ ಹಂತೇಕ ಹೋದ್ಲು. ಬಾಳವ್ವ ರೊಟ್ಟಿ ಬಡೀತಿದ್ಲು, ಗಂಡ ಮಗ್ಗದ ಮನ್ಯಾಗ ಕೆಮ್ಮಾಕ ಹತ್ತಿದ್ದ. "ಮಣ್ಣು ಬಿದ್ದೈತಿ, ಮನಿಗೆ ಕೇಡು ತರಬ್ಯಾಡ" ಅಂತ ಗೌರಕ್ಕ ಅಕಿ ಕೈಯಾಗಿನ ಬಳಿ ಒಡದು, ಕೊರಳಾಗಿನ ತಾಳಿ ಹರದ್ಲು. ಹಿಟ್ಟಿನ ಕೈ ಹಂಗ ಇತ್ತಂತ. ಈ ಗೌರಕ್ಕನ ಬಗ್ಗೆ ನನ್ನ ಬಾಯಿಂದ ಏನ ಬರಬೇಕಾಗಿತ್ತೋ ಅದನ್ನ ಕಾಗದದ ಮ್ಯಾಲ ಬರಿಯಾಕ ಬರಂಗಿಲ್ಲ.

ಮಠದ ಕಟ್ಟಿ ಮ್ಯಾಲ ಹಿರೇರು ಕೂಡಿದ್ರು. ನಾನೂ ಹೋಗಿದ್ದೆ. ಶಾಂತಯ್ಯನೋರು ಕೇಳಿದ್ರು, "ಒಡಹುಟ್ಟಿದಾಂವ ಮಣ್ಣು ಕೊಟ್ಟಿ ಏನು?"

"ಕೊಟ್ಟೇನ್ರಿ," ಅಂದ ಮಡಿವಾಳಪ್ಪ. "ಎಲ್ಲಾರೂ ಕೊಡಾಕತ್ತಿದ್ರು, ಕೊಟ್ಟೆ. ಬದುಕಿದ್ದಾಂವ ಆಗಿದ್ರ ಬ್ಯಾಡ ಅನ್ನಬೇಕಾಗಿತ್ತು. ತಲಿ ಮ್ಯಾಲ ಮಣ್ಣು ಬಿದ್ರೂ ಸುಮ್ಮ ಕುಂತಾನಲ್ರಿ."

"ಯಾಕ ಸುಮ್ಮ ಕುಂತಿ ದ್ಯಾಮಣ್ಣ?"

"ದಸ್ತಿ ಎತ್ತಿರ್ಲಿಲ್ರಿ ಅಜ್ಜಾರ," ಅಂದ ದ್ಯಾಮಣ್ಣ. ಕಟ್ಟಿ ಮ್ಯಾಲಿನ ಮಂದಿ ನಕ್ರು. ಅಂವ ಕೆಂಪಗಾಗಿ, "ಆದ್ರ ನಾ ಅತ್ತೇನ್ರಿ. ಎಡಗಣ್ಣಾಗ ನೀರ ಬಂದಾವು. ಹೆಣ ಅಳತೈತೇನ್ರಿ?" ಅಂದ.

"ನಾ ನೋಡೇನ್ರಿ," ಅಂದೆ. ಮಡಿವಾಳಪ್ಪ ನನ್ನ ಕಡೆ ತಿರಗಿ, "ಟಾಂಗಾದ ಸಾಬಗ ನಮ್ಮ ಮಠದ ಕಟ್ಟಿ ಮ್ಯಾಲ ಏನ ಕೆಲಸ" ಅಂದ. ಶಾಂತಯ್ಯನೋರು ಕೆಟ್ಟೋರಲ್ಲ, ಅಂಜುಬುರುಕರು. ವಿಚಾರ ಮಾಡಿ ಹೇಳಿದ್ರು, "ಆ ಯಂತ್ರ ನೋಡಿರತೈತೆಲ್ಲ? ಸಿನಿಮಾ ಬರಲಿ. ನೀರು ಕಂಡ್ರ ಇಂವ ಬದುಕ್ಯಾನ, ನಾನ ನಿಂತು ಮತ್ತ ತಾಳಿ ಕಟ್ಟಸ್ತೇನಿ. ಕಾಣದಿದ್ರ ಇಲ್ಲ." ಉಪ್ಪಿನಬೆಟಗೇರಿ ಬೀಗರೂ ಅಲ್ಲಿತನಕ ಮದವಿ ತಡೀತೇವಿ ಅಂದ್ರು.

ಒಂದು ವರ್ಷ ದ್ಯಾಮಣ್ಣ ಮಗ್ಗದ ಮನ್ಯಾಗ ಒಬ್ಬನ ಇದ್ದ. ಬಾಳವ್ವ ಹೊಸ್ತಿಲದಾಗ ರೊಟ್ಟಿ ಇಟ್ಟು ಸರೀತಿದ್ಲು, ಮಾತಾಡಿದ್ರ ಗೌರಕ್ಕ ಬಾಗಲಾಗ ಬಂದು ನಿಂದರ್ತಿದ್ಲು. ಅಂವ ನೇಯ್ದ ಅರಿವಿಯನ್ನ ಊರಾಗ ಯಾರೂ ಮುಟ್ಟವಲ್ಲರು, ನಾ ಒಯ್ದು ಧಾರವಾಡದಾಗ ಕೊಡತಿದ್ದೆ. ಹೊಲದ ಕುಣಿ ಮುಚ್ಚಿ ಮಡಿವಾಳಪ್ಪ ಅದರ ಮ್ಯಾಲ ಒಂದು ಕಲ್ಲೂ ನಿಂದರಿಸಿದ. ದ್ಯಾಮಣ್ಣಗ ಸಿಟ್ಟು ಬರಲಿಲ್ಲ. ನನ್ನ ಕಂಡಾಗೊಮ್ಮೆ, "ಎಡಗಣ್ಣು, ಬಾಬುಸಾಬ. ಕ್ಯಾಮೆರಾ ಎಡಕ್ಕ ಇತ್ತಲ್ಲ? ಛಲೋ ಕಂಡಿರತೈತಿ" ಅಂತಿದ್ದ.

ಸಿನಿಮಾ ಹುಬ್ಬಳ್ಳಿ ಟೆಂಟಿಗೆ ಬಂತು. ಶಾಂತಯ್ಯನೋರು, ಮಡಿವಾಳಪ್ಪ, ಬೆಟಗೇರಿ ಬೀಗರು, ಎಲ್ಲಾರೂ ಹೋದ್ರು. ದ್ಯಾಮಣ್ಣ ನನ್ನ ಸಂಗಡ ನೆಲದ ಮ್ಯಾಲ ಕುಂತ, ಹೊಸಾ ಪಟಗಾ ಸುತ್ತಿಕೊಂಡಿದ್ದ. ಪರದೆ ಮ್ಯಾಲ ವಿಮಾನ ಬಂತು, ಟೆಂಟಿನ ಹೆಣ್ಮಕ್ಕಳು ಮೂಗು ಸೀಟಾಕ ಹತ್ತಿದ್ರು. ಆಮ್ಯಾಲ ಗ್ವಾಡಿಯಷ್ಟು ದೊಡ್ಡದಾಗಿ ದ್ಯಾಮಣ್ಣನ ಮುಖ. ಅಂವ ನನ್ನ ತೋಳು ಗಟ್ಟಿ ಹಿಡದ. "ಈಗ ನೋಡು," ಅಂದ.

ಮಡಿವಾಳಪ್ಪನ ಕೈ ಬಂತು, ಮಣ್ಣು ಬಿತ್ತು. ಬಾಳವ್ವ ಅಳೂ ಮುಖ ಬಂತು. ಆಮ್ಯಾಲ ಯಾವುದೋ ಚಕ್ಕಡಿ ಗಾಲಿ ತಿರಗಾಕ ಹತ್ತಿತು. ಅಷ್ಟ. ಕುರ್ಟ್ ಹಾಕಿದ ಮಣ್ಣಿಲ್ಲ, ನೀನಾ ಹಾಕಿದ ಮಣ್ಣಿಲ್ಲ, ನೀರಂತೂ ಇಲ್ಲ. ನೋಡಿದೋರಿಗೆ ಒಡಹುಟ್ಟಿದಾಂವನೇ ಮೊದಲು ಮಣ್ಣು ಕೊಟ್ಟಂಗ ಇತ್ತು. ಮುಂದ ಬಂದೀತು, ಮುಂದ ಬಂದೀತು ಅಂತ ದ್ಯಾಮಣ್ಣ ಕಡೀ ಹಾಡಿನ ತನಕ ಪರದೆ ನೋಡಿದ. ಸುತ್ತಲಿದ್ದ ಗರಗದ ಮಂದಿ ಅವನಿಂದ ಸರದು ಸರದು ಕುಂತಿದ್ರು.

ಧ್ವನಿ ಯಂತ್ರ ನೋಡಾಕ ಮಾಂಗ್ ತಿನ್ ಬಂದಿದ್ದ. ಓಡಿ ಹೋಗಿ ಕೇಳಿದೆ. ಅಂವ ನಕ್ಕೋತ ಹೇಳಿದ, "ಕಣ್ಣೀರು ಇತ್ತಲ್ಲ ಬಾಬು, ಮುಂಬೈಯಾಗ ನಾವೆಲ್ಲ ನೋಡೇವಿ. ಹೆಣ ಅತ್ರ ಮಂದಿ ನಗ್ತಾರ ಅಂತ ರುಸ್ತುಮ್ ಅಂದ, ನೀನಾ ಕತ್ತರಿಸಿದ್ಳು. ಎಷ್ಟು ನಾಜೂಕ ಕತ್ತರಿಸ್ಯಾಳ ನೋಡು, ಗೊತ್ತ ಆಗಂಗಿಲ್ಲ."

"ಆ ತುಣುಕು?"

"ಕಸದಾಗ ಹೋತು."

ಎಲ್ಲಾ ಹೇಳಿದೆ. ಅಂವ ನಗೂದು ಬಿಟ್ಟು ನನ್ನ ಸಂಗಡ ಬಂದು ಶಾಂತಯ್ಯನೋರ ಮುಂದ ಕೈಮುಗದು ಸಾಕ್ಷಿ ಹೇಳಿದ, ನಾ ಕನ್ನಡ ಮಾಡಿದೆ. ಮಡಿವಾಳಪ್ಪ ಅಂದ, "ಮೊದಲ ಫಿಲ್ಮಿನ್ಯಾಗ ಐತಿ ಅಂದ್ರು. ಇಲ್ಲ. ಈಗ ಕಸದಾಗ ಐತಿ ಅಂತಾರ." ಶಾಂತಯ್ಯನೋರು ನೆಲಾ ನೋಡಿಕೋತ, "ನಾ ಕೊಟ್ಟ ಮಾತು ಅಷ್ಟ" ಅಂದ್ರು.

ದಾನವ್ವನ ಮದವಿ ಆತು. ದ್ಯಾಮಣ್ಣ ಹಂದರದ ಹೊರಗ ನನ್ನ ಟಾಂಗಾದಾಗ ಕುಂತಿದ್ದ, ಕರಸ್ತಾರ ಅಂತ ಮುಂಜಾನಿಂದ ಕುಂತಿದ್ದ. ಒಳಗಿಂದ ಒಬ್ಬ ಹೆಣ್ಮಗಳು ಬಂದು ನನಗ ಹೇಳಿದ್ಲು, "ದಾನವ್ವ ಹೇಳಿ ಕಳಿಸ್ಯಾಳ್ರಿ. ಅಪ್ಪ ಗಾಡಿ ಇಳೀಬಾರದಂತ. ಬೀಗರ ಮುಂದ ಅಕಿ ಮಾನ ಹೋಗತೈತಂತ." ಅಂವ ಕೇಳಿಸ್ಕೊಂಡ. ಇಳೀಲಿಲ್ಲ. ಮಡಿವಾಳಪ್ಪ ದಾನವ್ವನ ಕೈ ಅಳಿಯನ ಕೈಯಾಗ ಇಟ್ಟ. ಓಲಗದ ಸಪ್ಪಳ ಏರಿದಾಗ ಅಕ್ಕಿಕಾಳು ಬಿತ್ತು ಅಂತ ನಮಗ ಗೊತ್ತಾತು. ದ್ಯಾಮಣ್ಣ ತನ್ನ ಕಿಸೆದಾಗ ತಂದಿದ್ದ ನಾಕು ಅಕ್ಕಿಕಾಳು ಕುದರಿ ಮುಂದ ಹಾಕಿದ.

ಅವತ್ತಿಂದ ನನ್ನ ಕುದರಿ ಲಾಯದಾಗ ಇದ್ದ. ಟಾಂಗಾದ ಹುಡುಗ್ರು "ಲೇ ಹೆಣ, ನೀರಿಡು" ಅಂತಿದ್ರು, ಇಡತಿದ್ದ. ಲಡಾಯಿ ಸುರು ಆದ ಮ್ಯಾಲ ಒಮ್ಮೆ ಟೇಶನ್ನಿನ್ಯಾಗ ಮಾಂಗ್ ತಿನ್ ಸಿಕ್ಕಿದ್ದ. ಜರ್ಮನ್ ಅಂತ ಸರಕಾರ ಕುರ್ಟನ್ನ ಹಿಡದು ತಂತಿ ಬೇಲಿಯೊಳಗ ಹಾಕೈತಿ ಅಂದ. ಅಲ್ಲಿ ಯಹೂದಿ ಅಂತ ಹೊರಗ ಹಾಕಿದ್ರು, ಇಲ್ಲಿ ಜರ್ಮನ್ ಅಂತ ಒಳಗ ಹಾಕಿದ್ರು. ದ್ಯಾಮಣ್ಣಗ ಹೇಳಿದ್ರ "ಪಾಪ, ಛಲೋ ಹುಡುಗ" ಅಂದ. ಆ ಪಾಪ ಅನ್ನೂದು ಕೇಳಿ ನನಗ ಎಷ್ಟು ಸಿಟ್ಟು ಬಂತು ಅಂದ್ರ ಎರಡು ದಿನ ಅವನ ಸಂಗಡ ಮಾತು ಬಿಟ್ಟೆ.

ಹೋದ ಮಳಿಗಾಲಕ್ಕ ಜ್ವರ ಬಂದು ಖರೇನ ಸತ್ತ. ನನ್ನ ಹೆಂಡತಿ ದಾವಲಬಿ ಮೈ ಸೆಟಗೊಳ್ಳೂದ್ರಾಗ ಕುಂಡ್ರಿಸ್ರಿ ಅಂದ್ಲು, ಅವರ ಮಂದಿ ರೀತಿ ಅಕಿಗೆ ಗೊತ್ತಿತ್ತು. ತನ್ನ ಹಳೇ ಓಢಣಿ ಹರದು, ವಾಲಬಾರದಂತ ಅವನ್ನ ಲಾಯದ ಕಂಬಕ್ಕ ಕಟ್ಟಿದ್ಲು. ಹಂಗ ಟಾಂಗಾದ ಹಿಂದಿನ ಸೀಟಿನ್ಯಾಗ ಕುಂಡ್ರಿಸಿ ಗರಗಕ್ಕ ಹೊಡಕೊಂಡು ಹೋದೆ. ದಾರ್ಯಾಗ ಎದುರು ಬಂದ ಒಬ್ಬಾಂವ, "ಏನ ದ್ಯಾಮಣ್ಣ, ಭಾಳ ದಿನಕ್ಕ ಊರ ಕಡೆ?" ಅಂತ ಕೇಳಿದ.

ಮಡಿವಾಳಪ್ಪ ಬಾಗಲಾಗ ಅಡ್ಡ ನಿಂತ. "ನಮ್ಮ ದ್ಯಾಮಣ್ಣಗ ಮಣ್ಣು ಆಗಿ ಆರು ವರ್ಷ ಆತು. ಒಬ್ಬಗ ಎರಡು ಸಲ ಮಾಡೂ ಪದ್ಧತಿ ಇಲ್ಲ," ಅಂದ.

"ಬ್ಯಾಡ ಮಾರಾಯಾ, ಅವಂದ ಕುಣಿ ಐತಲ್ಲ, ಕಲ್ಲು ಸರಿಸಿ ಅದರಾಗ ಇಡತೇನಿ," ಅಂದೆ.

"ಅದರಾಗ ದ್ಯಾಮಣ್ಣ ಅದಾನ," ಅಂದ ಮಡಿವಾಳಪ್ಪ. ಚ್ಯಾಷ್ಟಿ ಮಾಡಲಿಲ್ಲ, ನಗಲಿಲ್ಲ. ವರ್ಷಾ ಆ ಖಾಲಿ ಕುಣಿಗೆ ಎಡಿ ಹಿಡದು ಹಿಡದು ಅಂವ ಅದನ್ನ ನಂಬಿಬಿಟ್ಟಿದ್ದ. ಶಾಂತಯ್ಯನೋರ ಮನಿ ಬಾಗಲ ಬಡದೆ, ತಗೀಲಿಲ್ಲ.

ಹಳ್ಳದ ದಂಡಿಗೆ ನಾನ ಕುಣಿ ತೋಡಿದೆ. ಕುಂಡ್ರಿಸಿದೆ. ಅವರ ಮಂತ್ರ ನನಗ ಬರಂಗಿಲ್ಲ, ನಮ್ಮಂಗ ಮೂರು ಮುಟಿಗಿ ಮಣ್ಣು ಹಾಕಿ ಮುಚ್ಚಿದೆ. ತಲಿ ಎತ್ತಿದ್ರ ಬಾಳವ್ವ ನಿಂತಿದ್ಲು, ಯಾವಾಗ ಬಂದಿದ್ಲೋ. ಅಳತಿರ್ಲಿಲ್ಲ. ಬೋಳು ಕೈ ಎರಡೂ ಮುಂದ ಚಾಚಿ ತಿರುಗಿಸಿ ನೋಡಿದ್ಲು, ಕೊರಳು ಮುಟ್ಟಿ ನೋಡಿದ್ಲು.

"ಬಾಬುಸಾಬಣ್ಣ," ಅಂದ್ಲು, "ಗಂಡ ಸತ್ರ ಹೆಂಡತಿ ಮೈಮ್ಯಾಲಿಂದು ಏನರ ತಗೀಬೇಕಲ್ಲ. ನಾ ಈಗ ಏನ ತಗೀಲಿ?"